ಡಿಸೆಂಬರ್ ಕೊನೆಗೆ ಅರ್ಧ ಶಾಲೆ ಖಾಲಿ: ಕುಯ್ಲು ಶುರುವಾಗುವ ಮೊದಲೇ ಮನೆಯವರ ಜೊತೆ ಏನು ಮಾಡಬಹುದು?

ಅಮ್ಮತ್ತಿ_ಬೋರ್ಡು (ಪ್ರಶ್ನೆ)

ಕೊಡಗಿನ ಸಿದ್ದಾಪುರ–ಅಮ್ಮತ್ತಿ ಕಡೆಯ ಹಿರಿಯ ಪ್ರಾಥಮಿಕ ಶಾಲೆಯ ವಿಷಯ. 1ರಿಂದ 7ನೇ ತರಗತಿ, 58 ಮಕ್ಕಳು, ಮೂವರು ಶಿಕ್ಷಕರು. ಹೆಚ್ಚಿನವರು ಲೈನ್ ಮನೆಯ (ತೋಟದ ಕಾರ್ಮಿಕರ ಸಾಲುಮನೆ) ಮಕ್ಕಳು. 11 ಮಂದಿ ಹಾಡಿಯಿಂದ (ಬುಡಕಟ್ಟು ಜನರ ಊರು) ಬರುವವರು, ಆರು ಮಕ್ಕಳ ಅಪ್ಪ ಅಮ್ಮ ಅಸ್ಸಾಂನಿಂದ ತೋಟದ ಕೆಲಸಕ್ಕೆ ಬಂದವರು. ನವೆಂಬರ್‌ವರೆಗೆ ಹಾಜರಿ ಪರವಾಗಿಲ್ಲ. ಹುತ್ತರಿ ಹಬ್ಬ ಕಳೆದು, ಕ್ರಿಸ್‌ಮಸ್ ಹೊತ್ತಿಗೆ ರೊಬಸ್ಟಾ ಕಾಫಿಯ ಕುಯ್ಲು ಹತ್ತಿಕೊಂಡರೆ ದಿನಕ್ಕೆ 20–25 ಮಕ್ಕಳು ಗೈರು. ಮಾರ್ಚ್‌ನಲ್ಲಿ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬಿದ್ದ ಮೇಲೆ ಒಬ್ಬೊಬ್ಬರೇ ವಾಪಸು ಬರುತ್ತಾರೆ, ಅಷ್ಟರಲ್ಲಿ ಪರೀಕ್ಷೆ. ನಾಲ್ಕೈದು ಮಂದಿ ಬರುವುದೇ ಇಲ್ಲ.

ನೋಟಿಸ್ ಕಳಿಸಿದ್ದಾಯಿತು. ಎಸ್‌ಡಿಎಂಸಿ (ಪೋಷಕರಿರುವ ಶಾಲಾ ಸಮಿತಿ) ಸಭೆಗೆ ಕರೆದದ್ದೂ ಆಯಿತು. ಸಭೆಗೆ ಬರುವವರು ಮಕ್ಕಳನ್ನು ದಿನಾ ಕಳಿಸುವವರೇ! ಜನವರಿಯಲ್ಲಿ ಓಡಾಡುವ ಬದಲು ಮೊದಲೇ ಏನಾದರೂ ಮಾಡಲು ಸಾಧ್ಯವೇ? ಯಾವ ಮನೆಗೆ ಹೋಗಬೇಕು ಎಂದು ಸೆಪ್ಟೆಂಬರ್‌ನಲ್ಲೇ ಗೊತ್ತುಮಾಡಿಕೊಳ್ಳುವುದು ಹೇಗೆ? ಯಾರು ಹೋಗಬೇಕು, ಏನು ಮಾತಾಡಬೇಕು? "ಶಿಕ್ಷಣ ಮುಖ್ಯ ಅಂತ ಅರಿವು ಮೂಡಿಸಿ" ಅನ್ನುವ ಉತ್ತರ ದಯವಿಟ್ಟು ಬೇಡ.

ಕೆಂಪುಶಾಯಿ

ಮೊದಲು ಹಾಜರಿ ಪುಸ್ತಕ ನೋಡುವ ರೀತಿ ಬದಲಾಗಬೇಕು. ಪುಸ್ತಕ ಇರುವುದು ತರಗತಿವಾರು, ಗೈರಾಗುವುದು ಮನೆವಾರು. ಐದನೇ ತರಗತಿಯ ಅಕ್ಕ ಒಂದು ಪುಸ್ತಕದಲ್ಲಿ, ಎರಡನೇ ತರಗತಿಯ ತಮ್ಮ ಇನ್ನೊಂದರಲ್ಲಿ. ಇಬ್ಬರನ್ನೂ ಒಟ್ಟಿಗೆ ನೋಡುವವರು ಯಾರೂ ಇಲ್ಲ.

ಒಂದು ದೊಡ್ಡ ಗ್ರಾಫ್ ಹಾಳೆ ತೆಗೆದುಕೊಂಡು ಒಂದೊಂದು ಮನೆಯ ಮಕ್ಕಳನ್ನು ಒಂದರ ಕೆಳಗೊಂದು ಬರೆಯಿರಿ. ಅಡ್ಡಕ್ಕೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಶಾಲಾ ದಿನಗಳು, ಗೈರಾದ ಚೌಕಕ್ಕೆ ಮಾತ್ರ ಬಣ್ಣ. 58 ಮಕ್ಕಳೆಂದರೆ 30–35 ಮನೆ ಇರಬಹುದು, ಇಬ್ಬರು ಕೂತರೆ ಒಂದು ಮಧ್ಯಾಹ್ನದ ಕೆಲಸ. ಮುಗಿಸಿ ಎರಡು ಹೆಜ್ಜೆ ಹಿಂದೆ ನಿಂತು ನೋಡಿ.

ಒಂದು ಮನೆಯ ಎಲ್ಲ ಮಕ್ಕಳೂ ಒಂದೇ ದಿನ ಗೈರಾಗಿದ್ದರೆ ಮನೆಯವರೇ ಊರಲ್ಲಿರಲಿಲ್ಲ: ಹಬ್ಬ, ಸಾವು, ಸಂತೆ ಅಥವಾ ಬೇರೆ ತೋಟಕ್ಕೆ ಹೋಗಿದ್ದಾರೆ. ದೊಡ್ಡ ಹುಡುಗಿಯ ಸಾಲು ಮಾತ್ರ ಬಣ್ಣವಾಗಿದ್ದರೆ ಮನೆಯಲ್ಲಿ ಸಣ್ಣ ಕೂಸಿದೆ, ಇಲ್ಲವೇ ಯಾರೋ ಮಲಗಿದ್ದಾರೆ. ಅಣ್ಣ ತಂಗಿಯ ಚೌಕಗಳು ಏಣಿ ಮೆಟ್ಟಿಲಿನ ಹಾಗೆ ಒಂದು ದಿನ ಇವನದು, ಒಂದು ದಿನ ಇವಳದು ಎಂದು ಬಂದಿದ್ದರೆ ಇಬ್ಬರೂ ಸರದಿಯ ಮೇಲೆ ಕೂಸು ನೋಡಿಕೊಳ್ಳುತ್ತಿದ್ದಾರೆ. ಒಬ್ಬೊಬ್ಬರ ಹಾಜರಿ ಶೇ 85 ಎಂದು ಕಾಣುವುದರಿಂದ ತರಗತಿ ಪುಸ್ತಕದಲ್ಲಿ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಆರು, ಏಳನೇ ತರಗತಿಯ ಹುಡುಗರ ಸಾಲಿನಲ್ಲಿ ಮಾತ್ರ ಚದುರಿದ ಚುಕ್ಕಿಗಳಿದ್ದರೆ ಕೂಲಿಯೂ ಇರಬಹುದು, ಮನೆಯಿಂದ ಹೊರಟು ಶಾಲೆ ಮುಟ್ಟದೆ ಹೊಳೆ ಬದಿ ಕೂತದ್ದೂ ಇರಬಹುದು. ಈ ಎರಡನೆಯದು ಮನೆಯವರಿಗೆ ಗೊತ್ತೇ ಇರುವುದಿಲ್ಲ. ಬಟವಾಡೆಯ (ಕೂಲಿ ಹಣ ಕೊಡುವ ದಿನದ) ಮಾರನೇ ದಿನ ತಪ್ಪದೆ ಗೈರು ಬಿದ್ದಿದ್ದರೆ ಮನೆಯಲ್ಲಿ ಕುಡಿತದ ಗಲಾಟೆ ಇದೆಯೇ ಎಂದು ಯೋಚಿಸಿ, ಆದರೆ ಹಾಳೆಯ ಮೇಲೆ ಬರೆಯಬೇಡಿ.

ಗೆರೆ ಎಲ್ಲಿ ಎಳೆಯಬೇಕು ಎಂದರೆ, ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಪ್ರಕಾರ 1–5ಕ್ಕೆ ವರ್ಷಕ್ಕೆ 200 ದಿನ, 6–8ಕ್ಕೆ 220 ದಿನ ಪಾಠ ನಡೆಯಬೇಕು. ಹತ್ತರಲ್ಲೊಂದು ದಿನ ತಪ್ಪಿದರೆ ಅಪಾಯ ಎಂದು ಹೊರದೇಶಗಳಲ್ಲಿ ಲೆಕ್ಕ ಹಾಕುತ್ತಾರೆ. ನಮ್ಮ ಲೆಕ್ಕಕ್ಕೆ ಅದು 20–22 ದಿನ, ಅಂದರೆ ತಿಂಗಳಿಗೆ ಬರೀ ಎರಡು. ಎರಡು ದಿನ ಯಾರಿಗೂ ದೊಡ್ಡದೆನಿಸುವುದಿಲ್ಲ, ತೊಡಕು ಇರುವುದೇ ಅಲ್ಲಿ. ಅಮೆರಿಕದ ಬಾಲ್ಟಿಮೋರ್ ಶಾಲೆಗಳ ಲೆಕ್ಕದಲ್ಲಿ, ಸೆಪ್ಟೆಂಬರ್ ಒಂದರಲ್ಲೇ 2ರಿಂದ 4 ದಿನ ತಪ್ಪಿಸಿದ ಮಕ್ಕಳಲ್ಲಿ ಸುಮಾರು ಅರ್ಧ ಮಂದಿ ವರ್ಷ ಮುಗಿಯುವಾಗ ಒಂದು ತಿಂಗಳಷ್ಟು ಪಾಠ ಕಳೆದುಕೊಂಡಿದ್ದರು. ಅಲ್ಲಿ ಸೆಪ್ಟೆಂಬರ್ ಎಂದರೆ ವರ್ಷದ ಆರಂಭ. ಅದನ್ನು ನಮ್ಮ ಜೂನ್‌ಗೆ ಹಾಗೇ ಅಂಟಿಸಿದರೆ ತಪ್ಪಾಗುತ್ತದೆ, ಕೊಡಗಿನ ಜೂನ್–ಜುಲೈ ಗೈರಿನಲ್ಲಿ ಅರ್ಧ ಮಳೆಯದೇ. ಜಿಲ್ಲಾಧಿಕಾರಿ ರಜೆ ಕೊಟ್ಟ ದಿನ ಲೆಕ್ಕಕ್ಕೇ ಬರುವುದಿಲ್ಲ. ರಜೆ ಇಲ್ಲದಿದ್ದರೂ ತೋಡು (ಹಳ್ಳ) ತುಂಬಿ ದಾಟಲಾಗದ ದಿನಕ್ಕೆ "ಮ" ಎಂದು ಗುರುತು ಹಾಕಿ ಬದಿಗಿಡಿ. ಉಳಿದ ಗೈರು ಸೆಪ್ಟೆಂಬರ್ ಕೊನೆಗೆ 8 ದಾಟಿದ್ದರೆ ಆ ಮನೆ ನಿಮ್ಮ ಪಟ್ಟಿಗೆ. 30–35ರಲ್ಲಿ ಹತ್ತು ಹನ್ನೆರಡು ಮನೆ ಬರಬಹುದು. ಮೂವರು ಶಿಕ್ಷಕರಿಗೆ ಅಷ್ಟೇ ಸಾಧ್ಯ. 35 ಮನೆಗೂ ಹೋಗುತ್ತೇವೆ ಎಂದು ಹೊರಟರೆ ಎರಡನೇ ವಾರ ನಿಂತುಹೋಗುತ್ತದೆ.

ಮನೆಗೆ ಕಳಿಸುವ ಚೀಟಿಯ ಬಗ್ಗೆಯೂ ಹೇಳಬೇಕು. ಫಿಲಡೆಲ್ಫಿಯಾದಲ್ಲಿ 28 ಸಾವಿರ ಮನೆಗಳ ಮೇಲೆ ಮಾಡಿದ ಪ್ರಯೋಗ 2018ರಲ್ಲಿ ಪ್ರಕಟವಾಯಿತು. ನಿಮ್ಮ ಮಗು ಈವರೆಗೆ ಇಷ್ಟು ದಿನ ತಪ್ಪಿಸಿದೆ ಎಂದು ವರ್ಷದಲ್ಲಿ ಹಲವು ಸಲ ಕಾಗದ ಕಳಿಸಿದ್ದಕ್ಕೆ, ವಿಪರೀತ ಗೈರಾಗುವ ಮಕ್ಕಳ ಸಂಖ್ಯೆ ಶೇ 10ರಷ್ಟು ಇಳಿಯಿತು. ಹಾಜರಿ ಮುಖ್ಯ ಎಂದಷ್ಟೇ ಬರೆದ ಕಾಗದ ಇಷ್ಟು ಕೆಲಸ ಮಾಡಲಿಲ್ಲ. ಬೇರೆ ಮಕ್ಕಳ ಜೊತೆ ಹೋಲಿಸಿ ಬರೆದದ್ದರಿಂದ ಹೆಚ್ಚಿನ ಲಾಭವೂ ಆಗಲಿಲ್ಲ. ತಮ್ಮ ಮಗು ಎಷ್ಟು ದಿನ ತಪ್ಪಿಸಿದೆ ಎಂದು ಹೆಚ್ಚಿನ ತಂದೆ ತಾಯಿಯರು ಕಡಿಮೆ ಅಂದಾಜು ಮಾಡುತ್ತಾರೆ, ಮಡಿಕೇರಿಯ ಮನೆಯಲ್ಲೂ ಅಷ್ಟೇ, ಲೈನ್ ಮನೆಯಲ್ಲೂ ಅಷ್ಟೇ. ಹಾಗಾಗಿ ಚೀಟಿಯಲ್ಲಿ ಉಪದೇಶ ಬೇಡ. "ಶಾಲೆ ನಡೆದದ್ದು 84 ದಿನ. ಬಂದದ್ದು 71. ತಪ್ಪಿದ್ದು 13." ಇಷ್ಟೇ. ಕೆಳಗೆ 84 ಸಣ್ಣ ಚೌಕ, ಅದರಲ್ಲಿ 13 ಕಪ್ಪು. ಓದಲು ಬಾರದ ಅಮ್ಮನಿಗೂ, ಕನ್ನಡ ಬಾರದ ಅಸ್ಸಾಂ ಅಪ್ಪನಿಗೂ ಅದು ಅರ್ಥವಾಗುತ್ತದೆ.

ಲೈನ್‌ಮನೆ_ಲೆಕ್ಕ

ಹಾಳೆಯ ವಿಚಾರ ಸರಿ. ಆದರೆ ಕುಯ್ಲಿನ ಗೈರಿಗೆ ಕಾರಣ ಕೂಲಿ ಕೊಡುವ ಲೆಕ್ಕ. ಬೇರೆ ತಿಂಗಳಲ್ಲಿ ದಿನಗೂಲಿ, ಮಗು ಜೊತೆಗೆ ಬಂದರೂ ಬಾರದಿದ್ದರೂ ಸಂಬಳ ಅಷ್ಟೇ. ಕುಯ್ಲಿನಲ್ಲಿ ಕೆಜಿ ಲೆಕ್ಕ. ನೆಲಕ್ಕೆ ಬಿದ್ದ ಕಾಯಿ ಹೆಕ್ಕುವುದು, ತಗ್ಗಿನ ರೆಕ್ಕೆಯಿಂದ (ಗಿಡದ ಕೊಂಬೆ) ಹಣ್ಣು ಬಿಡಿಸುವುದು, ಗೋಣಿಚೀಲದ ಬಾಯಿ ಹಿಡಿಯುವುದು ಹತ್ತು ವರ್ಷದ ಕೈಗೂ ಬರುತ್ತದೆ. ಸಂಜೆ ತೂಕ ಹಾಕುವಾಗ ಅದೆಲ್ಲ ಅಮ್ಮನ ಹೆಸರಿನ ಚೀಲದಲ್ಲಿರುತ್ತದೆ. ರೈಟರ (ತೋಟದ ಲೆಕ್ಕ ಬರೆಯುವವರ) ಪುಸ್ತಕದಲ್ಲಿ ಮಗುವಿನ ಹೆಸರೇ ಇಲ್ಲ, ಕೇಳಿದರೆ "ನಮ್ಮಲ್ಲಿ ಮಕ್ಕಳು ಕೆಲಸ ಮಾಡಲ್ಲ" ಎನ್ನುತ್ತಾರೆ. ಪುಸ್ತಕದ ಮಟ್ಟಿಗೆ ಅದು ಸುಳ್ಳೂ ಅಲ್ಲ.

ಆದ್ದರಿಂದ ಮನೆಯವರ ಜೊತೆಗೆ ತೋಟದವರ ಹತ್ತಿರವೂ ಮಾತಾಡಬೇಕು, ಅದೂ ನವೆಂಬರ್ ಮೊದಲ ವಾರದೊಳಗೆ. ಆಮೇಲೆ ಜನ ಸಾಲದೆ ಅವರೇ ತಲೆ ಕೆಡಿಸಿಕೊಂಡಿರುತ್ತಾರೆ. ಮಾಲೀಕರು ಬೆಂಗಳೂರಿನಲ್ಲಿದ್ದರೆ ಮ್ಯಾನೇಜರ್, ಅವರೂ ಸಿಗದಿದ್ದರೆ ರೈಟರ್. ಬಾಲ ಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾದ ಮೇಲೆ 14ರೊಳಗಿನ ಮಗು ಶಾಲೆ ಬಿಟ್ಟ ಹೊತ್ತಿನಲ್ಲಿ ಸ್ವಂತ ಕುಟುಂಬದ ಉದ್ಯೋಗಕ್ಕೆ ಮಾತ್ರ ನೆರವಾಗಬಹುದು. ಇನ್ನೊಬ್ಬರ ತೋಟ ಕುಟುಂಬದ ಉದ್ಯೋಗವಲ್ಲ. ಸಿಕ್ಕಿಬಿದ್ದರೆ ಕೆಲಸ ಕೊಟ್ಟವರಿಗೆ 6 ತಿಂಗಳಿಂದ 2 ವರ್ಷ ಜೈಲು, 20 ಸಾವಿರದಿಂದ 50 ಸಾವಿರ ದಂಡ ಅಥವಾ ಎರಡೂ. ಇದನ್ನು ಬೆದರಿಕೆಯ ದನಿಯಲ್ಲಿ ಹೇಳಬೇಕಿಲ್ಲ. ಕಾಫಿಗೆ ಸರ್ಟಿಫಿಕೇಟ್ ಮಾಡಿಸಿಕೊಂಡ ತೋಟಗಳಿಗೆ ಆಡಿಟ್‌ನಲ್ಲಿ ಈ ಪ್ರಶ್ನೆ ಹೇಗೂ ಬರುತ್ತದೆ, ಅವರಿಗೆ ಮಾತು ಬೇಗ ತಲುಪುತ್ತದೆ. ಕೇಳಬೇಕಾದದ್ದು ಒಂದೇ: ಶಾಲೆ ಇರುವ ದಿನ ಮಕ್ಕಳು ಕುಯ್ಲಿನ ಬ್ಲಾಕಿಗೆ ಬಾರದಂತೆ ಮೇಸ್ತ್ರಿ ಬೆಳಿಗ್ಗೆಯೇ ಹೇಳಬೇಕು. ಮೇಸ್ತ್ರಿಯ ಒಂದು ಮಾತು ನಮ್ಮ ಹತ್ತು ನೋಟಿಸಿಗೆ ಸಮ.

ಇನ್ನು ಕೂಸಿನ ಸಮಸ್ಯೆ. ತೋಟದ ಕೆಲಸ ಬೆಳಿಗ್ಗೆ ಏಳೂವರೆ, ಎಂಟಕ್ಕೆ ಶುರು, ಅಂಗನವಾಡಿ ತೆರೆಯುವುದು ಒಂಬತ್ತೂವರೆಗೆ. ನಡುವಿನ ಆ ಒಂದೂವರೆ ಎರಡು ಗಂಟೆಗೇ ಅಕ್ಕ ಮನೆಯಲ್ಲಿ ಉಳಿಯುವುದು, ಉಳಿದ ಮೇಲೆ ಇಡೀ ದಿನ ಹೋದಂತೆಯೇ. ಕೂಸನ್ನು ಅಂಗನವಾಡಿಗೆ ಬಿಟ್ಟು ಅಲ್ಲಿಂದ ನೇರ ಶಾಲೆಗೆ ಬರಲಿ, ಕುಯ್ಲು ಮುಗಿಯುವವರೆಗೆ ಆ ಹುಡುಗಿಗೆ ಮೊದಲ ಪೀರಿಯಡ್ ತಡವಾದರೂ ಬೈಯಬೇಡಿ. ಪ್ರಾರ್ಥನೆಗೆ ತಡವಾಗಿ ಬಂದವರನ್ನು ಹೊರಗೆ ನಿಲ್ಲಿಸುವ ಶಾಲೆಯಲ್ಲಿ ಇಂಥ ಮಗು ಗೇಟಿನವರೆಗೂ ಬರುವುದಿಲ್ಲ. ಮೂರು ವರ್ಷದೊಳಗಿನ ಮಕ್ಕಳಿಗೆ ಪಂಚಾಯಿತಿಯ "ಕೂಸಿನ ಮನೆ" ಇದೆಯೇ ನೋಡಿ. ಅದು ನರೇಗಾ ಕೆಲಸದ ತಾಯಂದಿರಿಗೆಂದು ಶುರುವಾದದ್ದು, ನಿಮ್ಮಲ್ಲಿ ಯಾರನ್ನು ಸೇರಿಸಿಕೊಳ್ಳುತ್ತಾರೆ ಎಂದು ಪಿಡಿಒ (ಪಂಚಾಯಿತಿ ಅಧಿಕಾರಿ) ಹತ್ತಿರ ಕೇಳಿ. ದೊಡ್ಡ ತೋಟವಾದರೆ ಶಿಶುಪಾಲನಾ ಕೊಠಡಿ ಕೇಳುವುದು ಹೊಸ ಬೇಡಿಕೆಯೇನಲ್ಲ. 50 ಹೆಂಗಸರು ಕೆಲಸಕ್ಕಿದ್ದರೆ ಕೊಠಡಿ ಇರಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲೇ ಇತ್ತು.

ಅಮ್ಮತ್ತಿ_ಬೋರ್ಡು

ಇಬ್ಬರಿಗೂ ಧನ್ಯವಾದ. ಏಣಿ ಮೆಟ್ಟಿಲಿನ ಗುರುತು ನಮ್ಮಲ್ಲೂ ಎರಡು ಮನೆಯಲ್ಲಿ ಕಾಣಿಸುತ್ತಿದೆ. ಮನೆಗೆ ಹೋಗುವ ವಿಚಾರ ಇನ್ನೂ ಸ್ಪಷ್ಟವಾಗಲಿಲ್ಲ. ಫೋನ್ ಮಾಡಿದರೆ ಸ್ವಿಚ್ ಆಫ್, ಹೋದರೆ ಬಾಗಿಲಿಗೆ ಬೀಗ.

ಸಂಜೆ_ಆರೂವರೆ

ಬೀಗ ಇರುತ್ತದೆ ಸರ್, ಹನ್ನೊಂದು ಗಂಟೆಗೆ ಹೋದರೆ. ವಾರದ ದಿನ ಸಂಜೆ ಐದೂವರೆಯಿಂದ ಆರೂವರೆ, ಇಲ್ಲವೇ ಭಾನುವಾರ ಸಂತೆಗೆ ಹೊರಡುವ ಮುಂಚೆ ಬೆಳಿಗ್ಗೆ ಎಂಟರ ಸುಮಾರಿಗೆ ಹೋಗಿ. ಬಟವಾಡೆಯ ಸಂಜೆ ಬೇಡ. ನಿಮ್ಮ ಕಡೆ ಆನೆ ಓಡಾಟ ಇದೆ, ಕತ್ತಲಾದ ಮೇಲೆ ತೋಟದ ರಸ್ತೆಯಲ್ಲಿ ಬೈಕ್ ಹತ್ತಬೇಡಿ. ಹೋಗುವ ಮುಂಚೆ ಲೈನಿನ ಯಾರಿಗಾದರೂ ಫೋನ್ ಮಾಡಿ "ದಾರಿ ಹೇಗಿದೆ" ಎಂದು ಕೇಳಿಕೊಳ್ಳಿ.

ಇಬ್ಬರು ಹೋಗಿ, ಅವರಲ್ಲಿ ಒಬ್ಬರು ಹೆಂಗಸಾಗಿರಲಿ. ಶಿಕ್ಷಕಿ ಇಲ್ಲದಿದ್ದರೆ ಬಿಸಿಯೂಟದ ಅಡುಗೆಯವರು ಅಥವಾ ಆಶಾ ಕಾರ್ಯಕರ್ತೆ. ನಿಜ ಹೇಳಬೇಕೆಂದರೆ ಅಡುಗೆಯವರೇ ಒಳ್ಳೆಯದು, ಯಾರ ಮನೆಯಲ್ಲಿ ಯಾವಾಗ ಒಲೆ ಹತ್ತಿತು ಎನ್ನುವುದೂ ಅವರಿಗೆ ಗೊತ್ತಿರುತ್ತದೆ. ಎಸ್‌ಡಿಎಂಸಿ ಅಧ್ಯಕ್ಷರು ತೋಟದ ಮಾಲೀಕರ ಕಡೆಯವರಾಗಿದ್ದರೆ ಅವರನ್ನು ಕರೆದೊಯ್ಯಬೇಡಿ, ಬಾಗಿಲಲ್ಲೇ ಮಾತು ನಿಂತುಹೋಗುತ್ತದೆ.

ಗೈರಿನ ಮೂರನೇ ದಿನ ಹೋಗಬೇಕು. ಮೊದಲ ದಿನ ಪಕ್ಕದ ಮನೆಯ ಮಗುವಿನ ಹತ್ತಿರ ಕೇಳಿ. ಎರಡನೇ ದಿನ ಫೋನ್, ಅದಕ್ಕೆ ಒಂದು ಮನೆಗೆ ಕನಿಷ್ಠ ಮೂರು ನಂಬರ್ ಬೇಕು: ಅಪ್ಪನದು, ಅಮ್ಮ ಅಥವಾ ಚಿಕ್ಕಮ್ಮನದು, ಲೈನಿನಲ್ಲಿ ನೆಟ್‌ವರ್ಕ್ ಸಿಗುವ ಪಕ್ಕದ ಮನೆಯದು. ಜೂನ್‌ನಲ್ಲಿ ತೆಗೆದುಕೊಂಡ ನಂಬರಿನಲ್ಲಿ ಎಷ್ಟೋ ಅಕ್ಟೋಬರ್ ಹೊತ್ತಿಗೆ ಸತ್ತಿರುತ್ತವೆ, ದಸರಾ ರಜೆ ಮುಗಿದ ವಾರ ಎಲ್ಲವನ್ನೂ ಒಮ್ಮೆ ಒತ್ತಿ ನೋಡಿ.

ಬಾಯಿ ಬಿಟ್ಟ ತಕ್ಷಣ ಬರುವ ಮೊದಲ ಮಾತಿನ ಮೇಲೆ ಎಲ್ಲ ನಿಂತಿದೆ. "ಯಾಕಮ್ಮಾ ಮಗೂನ ಕಳಿಸ್ತಿಲ್ಲ?" ಎಂದರೆ ಸಿಗುವ ಉತ್ತರ "ಜ್ವರ". ಜ್ವರ ಎಂಬುದು ಬಾಗಿಲು ಹಾಕುವ ಮಾತು. "ಎರಡು ದಿನ ಕಾಣಲಿಲ್ಲ, ಹುಷಾರಿದ್ದಾನಾ ಅಂತ ನೋಡಿಕೊಂಡು ಹೋಗೋಣ ಅಂತ ಬಂದ್ವಿ" ಎಂದು ಶುರು ಮಾಡಿ. ಮಗುವಿನ ಬಗ್ಗೆ ಒಂದು ನಿಜವಾದ ಒಳ್ಳೆಯ ಮಾತು ಹೇಳಿ: ಗುಣಾಕಾರ ಬೇಗ ಹಿಡಿದಿದ್ದಾನೆ, ಚಿತ್ರ ಚೆನ್ನಾಗಿ ಬರೆಯುತ್ತಾಳೆ. ಆಮೇಲೆ ಚೌಕದ ಚೀಟಿ ಕೈಗೆ ಕೊಟ್ಟು ಸುಮ್ಮನಾಗಿ. ಹೆಚ್ಚಿನ ಮನೆಯಲ್ಲಿ "ಇಷ್ಟೊಂದಾ?" ಎಂಬ ಮಾತು ಅವರಿಂದಲೇ ಬರುತ್ತದೆ. ಆಗ "ಬೆಳಿಗ್ಗೆ ಯಾವ ಹೊತ್ತಲ್ಲಿ ಕಷ್ಟವಾಗ್ತದೆ?" ಎಂದು ಕೇಳಿ. ಯಾಕೆ ಎಂದು ಕೇಳಿದರೆ ನೆಪ ಬರುತ್ತದೆ. ಯಾವ ಹೊತ್ತು ಎಂದು ಕೇಳಿದರೆ ಬೆಳಗಿನ ಕತೆಯೇ ಬರುತ್ತದೆ: ನೀರು ದೂರ, ಕೂಸು ಅಳುತ್ತದೆ, ಯೂನಿಫಾರ್ಮ್ ಒಣಗಿಲ್ಲ, ಜೊತೆಗೆ ನಡೆಯುವವರಿಲ್ಲ.

ಏಳುವ ಮುಂಚೆ ಒಂದೇ ಒಂದು ವಿಷಯ ಒಪ್ಪಿಸಿಕೊಳ್ಳಿ. "ಇನ್ಮೇಲೆ ದಿನಾ ಕಳಿಸ್ತೀವಿ" ಎಂಬ ಮಾತಿಗೆ ಬೆಲೆಯಿಲ್ಲ. "ಸೋಮವಾರದಿಂದ ಪಕ್ಕದ ಲೈನಿನ ಹುಡುಗಿಯ ಜೊತೆ ಎಂಟೂಮುಕ್ಕಾಲಿಗೆ ಹೊರಡ್ತಾಳೆ" ಎಂಬುದಕ್ಕೆ ಬೆಲೆಯಿದೆ. ಒಂದು ಭೇಟಿಗೆ 20 ನಿಮಿಷ ಸಾಕು. ಆ ಸೋಮವಾರ ಮಗು ಬಂದರೆ ಅದೇ ಸಂಜೆ ಮನೆಗೆ ಫೋನ್ ಮಾಡಿ "ಬಂದಿದ್ಲು, ಖುಷಿಯಾಯ್ತು" ಎಂದು ಹೇಳುವುದನ್ನು ಎಲ್ಲರೂ ಮರೆಯುತ್ತಾರೆ. ಮನೆಯವರಿಗೆ ಶಾಲೆಯಿಂದ ಬರುವ ಫೋನ್ ಅಂದರೆ ದೂರು ಎಂದೇ ಅಭ್ಯಾಸವಾಗಿದೆ.

ತಪ್ಪುವುದು ಎಲ್ಲಿ ಎಂದರೆ, ಮೂರು ವಾರ ಬಿಟ್ಟು ಬಂದ ಮಗುವನ್ನು ಪ್ರಾರ್ಥನೆಯಲ್ಲಿ ನಿಲ್ಲಿಸಿ "ಸಾಹೇಬ್ರು ಬಂದ್ರು" ಎನ್ನುವುದರಲ್ಲಿ. ಮಾರನೇ ದಿನ ಆ ಮಗು ಬರುವುದಿಲ್ಲ, ನಿಮ್ಮ ಭೇಟಿ ನೀರಲ್ಲಿ ಹೋಮ. ಪೂರ್ತಿ ಹಾಜರಿಗೆ ಬಹುಮಾನವೂ ಅಷ್ಟೇ. ಜ್ವರದ ಮಗು ಬಂದು ನಾಲ್ಕು ಜನಕ್ಕೆ ಅಂಟಿಸುತ್ತದೆ, ಒಂದು ದಿನ ತಪ್ಪಿದವನಿಗೆ ಉಳಿದ ತಿಂಗಳಿನಲ್ಲಿ ಆಸೆಯೇ ಇರುವುದಿಲ್ಲ.

ನಿಯಮ_ಪುಸ್ತಕ

ರೇಷನ್ ಕಾರ್ಡ್ ರದ್ದು ಮಾಡಿಸ್ತೀವಿ, ಪೊಲೀಸ್ ಕರೆಸ್ತೀವಿ ಎಂದು ಹೆದರಿಸುವುದು ಕೆಲವು ಕಡೆ ನಡೆಯುತ್ತದೆ. ಆರ್‌ಟಿಇ ಕಾಯ್ದೆಯಲ್ಲಿ ತಂದೆ ತಾಯಿಗೆ ಶಿಕ್ಷೆಯ ಕಲಮೇ ಇಲ್ಲ. ಹೆದರಿದ ಕುಟುಂಬ ಮಗುವನ್ನು ಕಳಿಸುವುದಿಲ್ಲ, ತೋಟ ಬದಲಾಯಿಸುತ್ತದೆ. ಆಮೇಲೆ ಹುಡುಕಲು ನಿಮಗೆ ವಿಳಾಸವೂ ಇರುವುದಿಲ್ಲ.

ಗೈರು ಸತತ 7 ದಿನ ತಲುಪಿದರೆ ಮಾತ್ರ ಕಾಗದದ ದಾರಿ ಹಿಡಿಯಿರಿ. ಹೈಕೋರ್ಟ್ 2013ರಲ್ಲಿ ಶಾಲೆಯಿಂದ ಹೊರಗುಳಿದ ಮಕ್ಕಳ ವಿಷಯವನ್ನು ತಾನಾಗಿಯೇ ಕೈಗೆತ್ತಿಕೊಂಡ ಮೇಲೆ, ಹಿಂದೆ 60 ದಿನ ಇದ್ದ ಮಿತಿ 7 ದಿನಕ್ಕೆ ಇಳಿಯಿತು. ಸಿಆರ್‌ಪಿಗೆ (ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿ) ಬರಹದಲ್ಲಿ ತಿಳಿಸಿ, ಪ್ರತಿ ಇಟ್ಟುಕೊಳ್ಳಿ, ನಿಮ್ಮ ಮೂರನೇ ದಿನದ ಭೇಟಿಯ ತಾರೀಖು ಅದರಲ್ಲಿರಲಿ. ಮಗುವಿಗೆ ಹೊಡೆತ, ಬಾಲ್ಯವಿವಾಹದ ಮಾತು, ಜೀತದಂಥ ಮುಂಗಡ ಸಾಲ ಕಂಡರೆ ಮೂರನೇ ದಿನ, ಏಳನೇ ದಿನ ಎಂದು ಕಾಯಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಅವತ್ತೇ ಫೋನ್.

ತೋಟ ಬದಲಾಯಿಸಿ ಹೋದವರ ವಿಷಯದಲ್ಲಿ ಒಂದು ಮಾತು. ಟಿಸಿ ತಡವಾಯಿತು ಎಂದು ಹೊಸ ಶಾಲೆ ಸೇರಿಸಿಕೊಳ್ಳದೆ ಇರುವಂತಿಲ್ಲ (ಆರ್‌ಟಿಇ ಕಲಂ 5), ವಯಸ್ಸಿನ ದಾಖಲೆ ಇಲ್ಲವೆಂದೂ ತಿರುಗಿಸಿ ಕಳಿಸುವಂತಿಲ್ಲ (ಕಲಂ 14). ಅಸ್ಸಾಂ ಮಕ್ಕಳಿಗೆ ಇದು ಹೆಚ್ಚು ಬೇಕಾಗುತ್ತದೆ. ಕುಯ್ಲಿಗೆ ಮೊದಲೇ ಪ್ರತಿ ಮನೆಗೂ ಮಗುವಿನ ಎಸ್‌ಎಟಿಎಸ್ ಸಂಖ್ಯೆಯನ್ನು (ರಾಜ್ಯದ ವಿದ್ಯಾರ್ಥಿ ದಾಖಲೆಯಲ್ಲಿನ ಸಂಖ್ಯೆ) ದಪ್ಪ ರಟ್ಟಿನ ಮೇಲೆ ಬರೆದು ಕೊಡಿ, ಹಿಂಬದಿಯಲ್ಲಿ ಶಾಲೆಯ ಫೋನ್. ಹೋದ ಊರಿನ ಮೇಷ್ಟ್ರು ಆ ಸಂಖ್ಯೆಯಿಂದ ಮಗುವನ್ನು ಹುಡುಕಿ ಸೇರಿಸಿಕೊಳ್ಳುತ್ತಾರೆ. ಇಲ್ಲದಿದ್ದರೆ ನಿಮ್ಮ ಪುಸ್ತಕದಲ್ಲಿ ಗೈರು, ಅಲ್ಲಿ ಹೆಸರೇ ಇಲ್ಲ.

ಬರದ ಮಗುವಿಗೆ ಹಾಜರಿ ಹಾಕುವುದರ ಬಗ್ಗೆ ಯಾರೂ ಬರೆಯಲಿಲ್ಲ. ಬಿಸಿಯೂಟದ ಲೆಕ್ಕ ಸರಿಹೊಂದಿಸಲು, ಮಕ್ಕಳ ಸಂಖ್ಯೆ ಕಡಿಮೆಯಾದರೆ ಶಾಲೆ ಮುಚ್ಚೀತೆಂಬ ಭಯಕ್ಕೆ ಹಾಕುವವರಿದ್ದಾರೆ. ಹಾಗೆ ಮಾಡಿದ ಶಾಲೆಯಲ್ಲಿ ಮೇಲಿನ ಗ್ರಾಫ್ ಹಾಳೆ ಬರೀ ಬಿಳಿ.

ಹಾಡಿ_ದಾರಿ

ಹಾಡಿಯ 11 ಮಕ್ಕಳನ್ನು ಲೈನ್ ಮನೆಯ ಲೆಕ್ಕಕ್ಕೆ ಸೇರಿಸಬೇಡಿ. ಯರವರ, ಜೇನುಕುರುಬರ ಮಕ್ಕಳ ಮನೆಮಾತು ಬೇರೆ. ಒಂದನೇ ತರಗತಿಯಲ್ಲಿ ಟೀಚರ್ ಮಾತು ಅರ್ಥವಾಗದೆ ಸುಮ್ಮನೆ ಕೂತ ಮಗು ನಾಲ್ಕಕ್ಕೆ ಬರುವಾಗ ಓದು ಬಾರದೆ ನಾಚಿಕೆಯಿಂದ ತಪ್ಪಿಸಿಕೊಳ್ಳುತ್ತದೆ. ಅಲ್ಲಿ ಮನೆಯವರನ್ನು ಒಪ್ಪಿಸಿ ಉಪಯೋಗವಿಲ್ಲ, ಅವರು ಈಗಾಗಲೇ ಒಪ್ಪಿದ್ದಾರೆ. ಒಪ್ಪದೆ ಇರುವುದು ಮಗು. ಮಧ್ಯಾಹ್ನ ಊಟದ ನಂತರ ಅರ್ಧ ಗಂಟೆ, ಅದೇ ಹಾಡಿಯಿಂದ ಹೈಸ್ಕೂಲಿಗೆ ಹೋದ ಹುಡುಗಿಯೋ ಓದು ಬಲ್ಲ ಯುವಕನೋ ಜೊತೆ ಕೂತು ಓದಿಸಿದರೆ ಡಿಸೆಂಬರ್‌ನಲ್ಲಿ ಫಲ ಕಾಣುತ್ತದೆ.

ಇನ್ನೊಂದು ದಾರಿಯ ವಿಷಯ. ಕಾಡಂಚಿನಲ್ಲಿ ಎಂಟು ಗಂಟೆಗೆ ಮಂಜು ಇನ್ನೂ ಸರಿದಿರುವುದಿಲ್ಲ, ದೊಡ್ಡವರು ಜೀಪು ಹತ್ತಿ ತೋಟಕ್ಕೆ ಹೊರಟ ಮೇಲೆ ಮಕ್ಕಳಿಗೆ ಜೊತೆ ಇಲ್ಲ. ಕೂಲಿಯವರನ್ನು ಕರೆದೊಯ್ಯುವ ಜೀಪಿನವರೇ ಶಾಲೆಯ ತಿರುವಿನಲ್ಲಿ ಇಳಿಸಬಹುದೇ ಕೇಳಿ. ಒಂದು ಗಂಟೆ ಬೇಗ ಬಂದ ಮಕ್ಕಳಿಗೆ ಶಾಲೆಯ ಬೀಗ ತೆಗೆದಿರಬೇಕು ಅಷ್ಟೇ.

ಅಮ್ಮತ್ತಿ_ಬೋರ್ಡು

ಬೀಗದ ಕೈ ಅಡುಗೆಯವರ ಹತ್ತಿರ ಇರುತ್ತದೆ, ಅವರು ಎಂಟೂವರೆಗೇ ಬರುವವರು, ಅದು ಆಗುತ್ತದೆ. ಈ ಶನಿವಾರ ಮಧ್ಯಾಹ್ನ ಹಾಳೆ ಹಿಡಿದು ಕೂರುತ್ತೇವೆ. ಬೇರೆ ಲೈನಿಗೆ ಹೋದ ಮನೆಯನ್ನು ಹಾಳೆಯಿಂದ ತೆಗೆಯಬೇಕಾ?

ಕೆಂಪುಶಾಯಿ

ತೆಗೆಯಬೇಡಿ ಮೇಷ್ಟ್ರೇ. ಮನೆಯ ಹೆಸರು, ಲೈನಿನ ಹೆಸರು ಪೆನ್ಸಿಲ್‌ನಲ್ಲಿ ಬರೆಯಿರಿ, ಮಕ್ಕಳ ಹೆಸರು ಮಾತ್ರ ಪೆನ್ನಿನಲ್ಲಿ. ಲೈನ್ ಬದಲಾದರೆ ಅಳಿಸಿ ಹೊಸದು ಬರೆದು ಪಕ್ಕದಲ್ಲಿ ತಾರೀಖು ಹಾಕಿ. ಹಾಳೆ ಸ್ಟಾಫ್ ರೂಮಿನ ಬೀರುವಿನ ಒಳಬಾಗಿಲಿಗೆ ಅಂಟಿಸಿ, ಗೋಡೆಗೆ ಬೇಡ, ಮಕ್ಕಳು ಓದುತ್ತಾರೆ.